ಯುನೇಮ್ ಆಜ್ಞೆಯ ಸಾಕ್ಷ್ಯ: ಒಂದು ಪರಾಮರ್ಶೆ

೧

ಗಣಕಯಂತ್ರವೊಂದರಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ನೆಲಸಿರುವುದು, ಅದರ ಅಂತರ್ಭಾಗವಾದ ಕರ್ನೆಲ್ ಯಾವ ಆವೃತ್ತಿಯದು, ಎಂಬ ಎರಡು ವಿಷಯಗಳನ್ನು ತಿಳಿಯಬೇಕಾದವರು ಕಮ್ಯಾಂಡ್ ಲೈನ್ ಎಂದು ಪ್ರಸಿದ್ಧವಾದ ಆಜ್ಞಾಪಂಕ್ತಿಯಲ್ಲಿ ಯುನೇಮ್ ಎಂಬ ಪದವನ್ನು ಬರೆದು, ಬಂದ ಉತ್ತರವನ್ನು ಹಾಗೆಯೇ ಸ್ವೀಕರಿಸುವುದು ಬಹುಕಾಲದಿಂದ ನಡೆದುಬಂದ ರೂಢಿಯಾಗಿದೆ. ಉತ್ತರವು ಒಂದೇ ಸಾಲಿನದು. ಅನ್ಯರ ಮೂಲಕ ಬಂದುದಲ್ಲದೆ ಯಂತ್ರದ ಬಾಯಿಂದಲೇ ಹೊರಟದ್ದು. ಆದುದರಿಂದ ಅದು ಸ್ವತಃಪ್ರಮಾಣವೆಂದೂ, ಅದರ ಮೇಲೆ ವಿಚಾರಕ್ಕೆ ಅವಕಾಶವಿಲ್ಲವೆಂದೂ ಭಾವಿಸುವುದು ಸಹಜವಾಗಿದೆ. ಆದರೆ ಆ ಒಂದು ಸಾಲಿನೊಳಗೆ ಎಷ್ಟು ಮಂದಿ ವಕ್ತೃಗಳ ಮಾತು ಸೇರಿದೆ, ಅವರಲ್ಲಿ ಯಾರು ಯಾವ ವಿಷಯವನ್ನು ನೇರವಾಗಿ ಬಲ್ಲವರು, ಯಾರು ತಮಗೆ ಬರೆದುಕೊಟ್ಟುದನ್ನು ಓದಿ ಹೇಳುವವರು, ಎಂಬ ವಿವೇಚನೆ ನಡೆದಿರುವುದು ವಿರಳ.

ಈ ವಿವೇಚನೆ ಕೇವಲ ಪಾಂಡಿತ್ಯದ ಕುತೂಹಲಕ್ಕಾಗಿ ಮಾಡತಕ್ಕುದಲ್ಲ. ಕರ್ನೆಲಿನಲ್ಲಿ ಯಾವುದಾದರೊಂದು ದೋಷವು ಪ್ರಕಟವಾದಾಗ, ಯಂತ್ರಗಳನ್ನು ಪಾಲಿಸುವವನು ಈ ಸಾಲನ್ನು ನೋಡಿಯೇ ತನ್ನ ಯಂತ್ರವು ಅಪಾಯದಲ್ಲಿದೆಯೋ ಇಲ್ಲವೋ ಎಂದು ನಿರ್ಣಯಿಸುತ್ತಾನೆ. ಓದುವುದರಲ್ಲಿ ತಪ್ಪಿದರೆ, ಒಂದೋ ಸುರಕ್ಷಿತವಾದ ಯಂತ್ರವನ್ನು ಸದೋಷವೆಂದು ಶಂಕಿಸಿ ವೃಥಾ ಶ್ರಮಪಡುವನು. ಇಲ್ಲವೆ ಸದೋಷವಾದುದನ್ನು ನಿರ್ದುಷ್ಟವೆಂದು ನಂಬಿ ಸುಮ್ಮನಿರುವನು. ಎರಡನೆಯ ತಪ್ಪಿನ ಫಲವನ್ನು ಅನುಭವಿಸುವವರು ಆ ಯಂತ್ರದಲ್ಲಿ ತಮ್ಮ ಲೆಕ್ಕಪತ್ರಗಳನ್ನೂ ಗುಟ್ಟುಗಳನ್ನೂ ಇಟ್ಟವರು. ಹೀಗಿರಲಾಗಿ, ಈ ಆಜ್ಞೆಯ ಉತ್ತರಕ್ಕೆ ಎಷ್ಟರಮಟ್ಟಿಗೆ ಪ್ರಾಮಾಣ್ಯವಿದೆಯೆಂಬುದನ್ನು ಪರೀಕ್ಷಿಸುವುದು ಯುಕ್ತವಾಗಿದೆ.

೨

ಮೊದಲು ಪದಾರ್ಥನಿರ್ಣಯವು ಅವಶ್ಯಕ. ಕರ್ನೆಲ್ ಎಂಬುದು ಯಂತ್ರದ ಸ್ಮೃತಿಕೋಶವನ್ನೂ ಸಂಸ್ಕಾರಕವನ್ನೂ ಉಪಕರಣಗಳನ್ನೂ ಆಳುತ್ತ, ಉಳಿದ ಸಮಸ್ತ ಕ್ರಮವಿಧಿಗಳಿಗೂ ಅವುಗಳನ್ನು ಹಂಚಿಕೊಡುವ ಅಂತರ್ಭಾಗ. ಇದರ ಸುತ್ತಲೂ ಆಜ್ಞೆಗಳು, ಗ್ರಂಥಾಲಯಗಳೆಂಬ ಸಾಮಾನ್ಯ ಸಂಹಿತೆಗಳು, ಸ್ಥಾಪನಸಾಧನಗಳು ಇವೆಲ್ಲ ಸೇರಿ ಆಪರೇಟಿಂಗ್ ಸಿಸ್ಟಮ್ ಎಂಬ ಸಮುದಾಯವಾಗುವುದು. ಸಮುದಾಯಕ್ಕೂ ಅವಯವಕ್ಕೂ ಒಂದೇ ಹೆಸರನ್ನು ಬಳಸುವುದು ಲೋಕದಲ್ಲಿ ಉಂಟು. ೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸರು ಪ್ರಕಟಪಡಿಸಿದ ಲಿನಕ್ಸ್ ಕರ್ನೆಲ್ ಮಾತ್ರವೇ ಆಗಿದ್ದರೂ, ಅದನ್ನು ಆಶ್ರಯಿಸಿದ ಡೆಬಿಯನ್, ಫೆಡೋರಾ, ಉಬುಂಟು ಮೊದಲಾದ ಸಂಗ್ರಹಗಳೆಲ್ಲವೂ ಲಿನಕ್ಸ್ ಎಂದೇ ಕರೆಯಲ್ಪಡುತ್ತವೆ. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಘೋಷಿಸಿದ ಗ್ನೂ ಎಂಬ ಯೋಜನೆಯ ಕೃತಿಗಳು ಆ ಸಂಗ್ರಹಗಳಲ್ಲಿ ಬಹುಭಾಗವಾಗಿರುವ ಕಾರಣ, ಸಮುದಾಯಕ್ಕೆ ಗ್ನೂ/ಲಿನಕ್ಸ್ ಎಂಬ ಹೆಸರೇ ಸಾಧುವೆಂದು ಒಂದು ಪಕ್ಷವು ವಾದಿಸುತ್ತದೆ. ಈ ವಿವಾದದ ಬಲಾಬಲ ಇಲ್ಲಿ ಪ್ರಕೃತವಲ್ಲ. ಹೆಸರಿನಿಂದ ಸೂಚಿತವಾದ ವಸ್ತುಗಳು ಎರಡು, ಅವುಗಳ ಆವೃತ್ತಿಗಳೂ ಬೇರೆ ಬೇರೆ, ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

೩

ಯುನೇಮ್ ಆಜ್ಞೆಯು ೧೯೭೭ರ ಪಿ.ಡಬ್ಲ್ಯೂ.ಬಿ. ಯುನಿಕ್ಸಿನಲ್ಲಿ ಕಾಣಿಸಿಕೊಂಡಿತು. ಬಳಿಕ ೧೯೮೮ರ ಪೊಸಿಕ್ಸ್ ಎಂಬ ನಿಯಮಗ್ರಂಥವು ಈ ಹೆಸರಿನ ವ್ಯವಸ್ಥಾಕರೆಯನ್ನು ವಿಧಿಸಿ, ಅದು ಐದು ಅಂಶಗಳನ್ನು ಕೊಡಬೇಕೆಂದು ನಿಯಮಿಸಿತು: ವ್ಯವಸ್ಥೆಯ ಹೆಸರು, ಜಾಲದಲ್ಲಿ ಯಂತ್ರದ ಹೆಸರು, ರಿಲೀಸ್, ವರ್ಷನ್, ಯಂತ್ರಜಾತಿ. ಇವನ್ನು ಕ್ರಮವಾಗಿ ಎಸ್, ಎನ್, ಆರ್, ವಿ, ಎಂ ಎಂಬ ಏಕಾಕ್ಷರ ಸಂಜ್ಞೆಗಳಿಂದ ಕೇಳಬಹುದು. ಎಲ್ಲವನ್ನೂ ಒಟ್ಟಿಗೆ ಬಯಸುವವನು ಎ ಎಂಬ ಸಂಜ್ಞೆಯನ್ನು ಬಳಸುವನು. ಪಾಣಿನೀಯರ ಅನುಬಂಧಗಳಂತೆ ಒಂದೊಂದು ಅಕ್ಷರವೂ ಒಂದೊಂದು ಕಾರ್ಯಕ್ಕೆ ನಿಯತವಾಗಿದೆ. ಯಾವ ಸಂಜ್ಞೆಯೂ ಇಲ್ಲದಿದ್ದರೆ ವ್ಯವಸ್ಥೆಯ ಹೆಸರು ಮಾತ್ರ ಬರುವುದು.

ಲಿನಕ್ಸಿನಲ್ಲಿ ಈ ಐದೂ ಉತ್ತರಗಳನ್ನು ಕೊಡತಕ್ಕವನು ಕರ್ನೆಲೇ. ಆಜ್ಞೆಯು ಕೇವಲ ದೂತನಂತೆ ಪ್ರಶ್ನೆಯನ್ನು ಒಯ್ದು ಉತ್ತರವನ್ನು ತರುತ್ತದೆ. ಆ ಕ್ಷಣದಲ್ಲಿ ಸ್ಮೃತಿಕೋಶದಲ್ಲಿ ಓಡುತ್ತಿರುವ ಕರ್ನೆಲ್ ತನ್ನ ವಿಷಯವನ್ನು ತಾನೇ ಹೇಳುವುದರಿಂದ, ಈ ಸಾಕ್ಷ್ಯವು ಪ್ರತ್ಯಕ್ಷಕ್ಕೆ ಅತಿ ಸಮೀಪವಾದುದು. ಈ ಆಜ್ಞೆಯ ಮುಖ್ಯವಾದ ಗುಣವೆಂದರೆ ಇದೇ, ಇದನ್ನು ಮೊದಲೇ ಒಪ್ಪಿಕೊಳ್ಳತಕ್ಕುದು. ಸ್ಥಾಪನಸಾಧನಗಳು ಕೊಡುವ ಪಟ್ಟಿಯು ತಟ್ಟೆಯ ಮೇಲೆ ಬರೆದಿಟ್ಟ ಕರ್ನೆಲುಗಳನ್ನು ಎಣಿಸುವುದೇ ಹೊರತು ಅವುಗಳಲ್ಲಿ ಯಾವುದು ಓಡುತ್ತಿದೆಯೆಂದು ಅರಿಯದು. ಹೊಸ ಕರ್ನೆಲನ್ನು ಸ್ಥಾಪಿಸಿ ಯಂತ್ರವನ್ನು ಪುನರಾರಂಭಿಸದೆ ಬಿಟ್ಟಲ್ಲಿ ಪಟ್ಟಿಯು ಹೊಸದನ್ನು ತೋರಿಸುವುದು, ಯುನೇಮ್ ಹಳೆಯದನ್ನೇ ಹೇಳುವುದು. ಅಲ್ಲಿ ಯುನೇಮಿನ ಮಾತೇ ಸತ್ಯ.

ಆದರೆ ಗ್ನೂ ಸಂಗ್ರಹದ ಯುನೇಮಿನಲ್ಲಿ ಓ ಎಂಬ ಇನ್ನೊಂದು ಸಂಜ್ಞೆಯಿದೆ. ಇದು ಆಪರೇಟಿಂಗ್ ಸಿಸ್ಟಮಿನ ಹೆಸರನ್ನು ಹೇಳುವುದೆಂದು ಪ್ರತಿಜ್ಞೆ. ಲಿನಕ್ಸ್ ಯಂತ್ರಗಳಲ್ಲಿ ಬರುವ ಉತ್ತರವು ಗ್ನೂ/ಲಿನಕ್ಸ್ ಎಂಬುದು. ಈ ಉತ್ತರವನ್ನು ಕರ್ನೆಲ್ ಕೊಟ್ಟುದಲ್ಲ. ಆಜ್ಞೆಯನ್ನು ಸಂಕಲಿಸಿದ ಕಾಲದಲ್ಲಿಯೇ ಅದರೊಳಗೆ ಬರೆದಿಟ್ಟ ಸ್ಥಿರಪದವಿದು. ಬ್ಯುಸಿಬಾಕ್ಸ್ ಎಂಬ ಲಘುಸಂಗ್ರಹದಲ್ಲಿ ಈ ಪದವನ್ನು ಸಂಕಲನ ಮಾಡುವವನು ತನಗೆ ಇಷ್ಟಬಂದಂತೆ ನಿಯಮಿಸಿಕೊಳ್ಳಬಹುದು. ಹೀಗೆ ಎ ಸಂಜ್ಞೆಯಿಂದ ಬರುವ ಒಂದೇ ಸಾಲಿನಲ್ಲಿ, ಕೊನೆಯ ಪದದ ವಕ್ತೃ ಬೇರೆ, ಅದಕ್ಕೆ ಮುಂಚಿನ ಪದಗಳ ವಕ್ತೃ ಬೇರೆ. ಸಾಲು ಒಂದಾದುದರಿಂದ ವಕ್ತೃವೂ ಒಬ್ಬನೇ ಎಂಬ ಭ್ರಮೆ ಹುಟ್ಟುತ್ತದೆ. ಕಾವ್ಯದ ಕೊನೆಯಲ್ಲಿ ಲಿಪಿಕಾರನು ಸೇರಿಸಿದ ವಾಕ್ಯವನ್ನು ಕವಿವಾಕ್ಯವೆಂದು ಓದುವ ತಪ್ಪಿಗೆ ಇದು ಸಮಾನ.

೪

ಈಗ ಆರ್ ಮತ್ತು ವಿ ಎಂಬೆರಡು ಸಂಜ್ಞೆಗಳನ್ನು ಪರೀಕ್ಷಿಸತಕ್ಕುದು. ರಿಲೀಸ್ ಎಂದರೆ ಬಿಡುಗಡೆ. ವರ್ಷನ್ ಎಂದರೆ ಆವೃತ್ತಿ. ಪದಗಳ ಅರ್ಥವನ್ನು ಬಲ್ಲವನು ಕರ್ನೆಲಿನ ಆವೃತ್ತಿಸಂಖ್ಯೆಯನ್ನು ವಿ ಸಂಜ್ಞೆಯಿಂದ ಕೇಳುವನು. ಲಿನಕ್ಸಿನಲ್ಲಿ ಬರುವ ಉತ್ತರವೋ ಸಂಕಲನದ ಕ್ರಮಸಂಖ್ಯೆ, ಹಲವು ಸಂಸ್ಕಾರಕಗಳನ್ನು ನಡೆಸುವ ಶಕ್ತಿಯುಂಟೆಂಬ ಗುರುತು, ಸಂಕಲನದ ದಿನಾಂಕ, ಇವೇ ಮೊದಲಾದುವು. ಆವೃತ್ತಿಯೆಂದು ಎಲ್ಲರೂ ಕರೆಯುವ ಸಂಖ್ಯೆಯು ಆರ್ ಸಂಜ್ಞೆಯಲ್ಲಿ ಅಡಗಿದೆ. ಐಬಿಎಂ ಸಂಸ್ಥೆಯ ಎಐಎಕ್ಸ್ ಎಂಬ ಯುನಿಕ್ಸಿನಲ್ಲಿಯಾದರೋ ೭.೨ ಎಂಬ ಆವೃತ್ತಿಯನ್ನು ಎರಡು ತುಂಡು ಮಾಡಿ, ವಿ ಸಂಜ್ಞೆಗೆ ೭ ಎಂದೂ, ಆರ್ ಸಂಜ್ಞೆಗೆ ೨ ಎಂದೂ ಉತ್ತರ ಕೊಡಲಾಗುವುದು. ಸೋಲಾರಿಸ್ ೧೦ ಎಂಬುದು ಹೆಸರನ್ನು ಕೇಳಿದರೆ ಸನ್‌ಓಎಸ್ ಎಂದೂ, ರಿಲೀಸನ್ನು ಕೇಳಿದರೆ ೫.೧೦ ಎಂದೂ ಹೇಳುತ್ತದೆ. ಪೊಸಿಕ್ಸ್ ಗ್ರಂಥವು ಈ ಅಂಶಗಳ ರೂಪವನ್ನು ಆಯಾ ವ್ಯವಸ್ಥೆಯ ನಿರ್ಮಾಪಕರ ಇಚ್ಛೆಗೆ ಬಿಟ್ಟಿರುವುದರಿಂದ ಇವರಲ್ಲಿ ಯಾರೂ ನಿಯಮವನ್ನು ಮೀರಿದವರಲ್ಲ. ಲಕ್ಷಣವನ್ನು ಹೇಳದೆ ಸಂಜ್ಞೆಯನ್ನು ಮಾತ್ರ ವಿಧಿಸಿದ ದೋಷವು ಸೂತ್ರಕಾರರದೇ ಆಗಿದೆ.

ಈ ದೋಷದಿಂದ ಆಗಬಹುದಾದ ಅನರ್ಥಕ್ಕೆ ೨೦೨೨ರ ಮಾರ್ಚ್ ತಿಂಗಳ ಸಂಗತಿಯೊಂದು ಉತ್ತಮವಾದ ಉದಾಹರಣೆ. ಆ ತಿಂಗಳ ೭ರಂದು ಮ್ಯಾಕ್ಸ್ ಕೆಲ್ಲರ್‌ಮನ್ನರು ಡರ್ಟಿ ಪೈಪ್ ಎಂಬ ಹೆಸರಿನಿಂದ ಪ್ರಸಿದ್ಧವಾದ ದೋಷವೊಂದನ್ನು ಪ್ರಕಟಿಸಿದರು. ಲಿನಕ್ಸ್ ೫.೮ರಿಂದ ಮೊದಲ್ಗೊಂಡು ಬಂದ ಈ ದೋಷದಿಂದ, ಓದುವ ಅಧಿಕಾರ ಮಾತ್ರವುಳ್ಳ ಸಾಮಾನ್ಯ ಬಳಕೆದಾರನು ಆ ಕಡತದೊಳಗೆ ಬರೆಯಲೂ ಶಕ್ತನಾಗಿ, ಕೊನೆಗೆ ಯಂತ್ರದ ಸರ್ವಾಧಿಕಾರವನ್ನೇ ಪಡೆಯಬಹುದಾಗಿದ್ದಿತು. ಮೂಲ ಕರ್ನೆಲಿನಲ್ಲಿ ಇದರ ತಿದ್ದುಪಡಿಯು ೫.೧೬.೧೧, ೫.೧೫.೨೫, ೫.೧೦.೧೦೨ ಎಂಬ ಆವೃತ್ತಿಗಳಲ್ಲಿ ಬಂದಿತು.

ಆಗ ಡೆಬಿಯನ್ ೧೧ನ್ನು ಓಡಿಸುತ್ತಿದ್ದ ಯಂತ್ರವೊಂದರಲ್ಲಿ ಆರ್ ಸಂಜ್ಞೆಯಿಂದ ಕೇಳಿದ್ದರೆ ೫.೧೦.೦-೧೧-ಎಎಂಡಿ೬೪ ಎಂಬ ಉತ್ತರ ಬರುತ್ತಿದ್ದಿತು. ಇದನ್ನು ಓದಿದವನು ೫.೧೦.೦ ಎಂಬುದು ೫.೧೦.೧೦೨ಕ್ಕಿಂತ ಹಿಂದಿನದಾದುದರಿಂದ ಯಂತ್ರವು ಸದೋಷವೆಂದು ನಿಶ್ಚಯಿಸುವನು. ವಸ್ತುಸ್ಥಿತಿ ಬೇರೆ. ಡೆಬಿಯನ್ನಿನವರು ತಮ್ಮ ೫.೧೦.೯೨-೧ ಎಂಬ ಸಂಕಲನಕ್ಕೆ ತಿದ್ದುಪಡಿಯನ್ನು ಮಾತ್ರ ತಂದು ಸೇರಿಸಿ ೫.೧೦.೯೨-೨ ಎಂದು ಹೊರಡಿಸಿದ್ದರು. ಮೊದಲನೆಯದು ಸದೋಷ, ಎರಡನೆಯದು ನಿರ್ದುಷ್ಟ. ಆರ್ ಸಂಜ್ಞೆಗೆ ಎರಡೂ ಕೊಡುತ್ತಿದ್ದ ಉತ್ತರವು ಒಂದೇ. ಭೇದವು ಕಾಣುತ್ತಿದ್ದುದು ವಿ ಸಂಜ್ಞೆಯಲ್ಲಿ ಮಾತ್ರ, ಏಕೆಂದರೆ ಡೆಬಿಯನ್ನಿನವರು ಸಂಕಲನದ ಪೂರ್ಣಸಂಖ್ಯೆಯನ್ನು ಅಲ್ಲಿ ಬರೆಯುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಆವೃತ್ತಿಯನ್ನು ಹೇಳುವುದಿಲ್ಲವೆಂದು ಸಾಮಾನ್ಯವಾಗಿ ಉಪೇಕ್ಷಿಸಲ್ಪಡುವ ಅಂಶವೇ ಇಲ್ಲಿ ನಿರ್ಣಾಯಕವಾಯಿತು.

ಹಾಗಾದರೆ ಡೆಬಿಯನ್ನಿನವರು ರಿಲೀಸಿನ ಹೆಸರನ್ನು ಏಕೆ ಬದಲಿಸಲಿಲ್ಲವೆಂದು ಕೇಳಬಹುದು. ಇದಕ್ಕೆ ಸಮಾಧಾನವುಂಟು. ಕರ್ನೆಲ್ ತನಗೆ ಬೇಕಾದ ಉಪಕರಣಭಾಗಗಳನ್ನು, ಅಂದರೆ ಮಾಡ್ಯೂಲುಗಳನ್ನು, ರಿಲೀಸಿನ ಹೆಸರುಳ್ಳ ಕಡತಕೋಶದಿಂದ ತೆಗೆದುಕೊಳ್ಳುತ್ತದೆ. ಹೊರಗಿನವರು ನಿರ್ಮಿಸಿದ ಮಾಡ್ಯೂಲುಗಳು ಹೊಂದಿಕೊಳ್ಳುವವರೆಗೂ ಆ ಹೆಸರನ್ನು ಉಳಿಸಿಕೊಳ್ಳುವುದು, ಹೊಂದಿಕೆ ತಪ್ಪಿದಾಗ ಕೊನೆಯ ಅಂಕವನ್ನು ಹೆಚ್ಚಿಸುವುದು, ಎಂಬುದು ಅವರ ಅಂದಿನ ಸಂಕೇತವಾಗಿತ್ತು. ಅದರಂತೆ ೧೧ ಎಂಬ ಅಂಕವು ಹೊಂದಿಕೆಯ ಗುರುತಾಗಿದ್ದಿತೇ ಹೊರತು ದೋಷನಿವಾರಣೆಯ ಗುರುತಾಗಿರಲಿಲ್ಲ. ಉತ್ತರವು ತಾನು ಹೇಳಬೇಕಾದುದನ್ನು ಸರಿಯಾಗಿಯೇ ಹೇಳಿತು. ಓದಿದವನು ಅದರಿಂದ ಬೇರೆ ಪ್ರಶ್ನೆಗೆ ಉತ್ತರವನ್ನು ಬಯಸಿದನು.

೫

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಒಂದು ಸಂಗ್ರಹದ ವಿಲಕ್ಷಣವಾದ ಪದ್ಧತಿಯನ್ನು ಹಿಡಿದು ಸಂಖ್ಯೆಗಳ ಹೋಲಿಕೆಯನ್ನೇ ಅಪ್ರಮಾಣವೆನ್ನುವುದು ಸರಿಯಲ್ಲ. ದೊಡ್ಡ ಸಂಖ್ಯೆಯುಳ್ಳದ್ದು ಹೊಸದು, ಚಿಕ್ಕದು ಹಳೆಯದು ಎಂಬ ಅನುಮಾನವು ಪ್ರಾಯಿಕವಾಗಿ ನಿಲ್ಲುವುದಲ್ಲವೇ ಎಂದು. ಈ ವಾದವನ್ನು ಮೂರು ನಿದರ್ಶನಗಳಿಂದ ಪರೀಕ್ಷಿಸಬಹುದು.

ಮೊದಲನೆಯದು ರೆಡ್ ಹ್ಯಾಟ್ ಸಂಸ್ಥೆಯ ಸಂಗ್ರಹ. ೨೦೧೪ರಲ್ಲಿ ಹೊರಬಂದ ಇವರ ಏಳನೆಯ ಆವೃತ್ತಿಯು ತನ್ನ ಆಯುಷ್ಯದುದ್ದಕ್ಕೂ ೩.೧೦.೦ ಎಂಬ ಮೂಲಸಂಖ್ಯೆಯನ್ನೇ ಧರಿಸಿದ್ದಿತು, ಎಂಟನೆಯದು ೪.೧೮.೦ ಎಂಬುದನ್ನು, ಒಂಬತ್ತನೆಯದು ೫.೧೪.೦ ಎಂಬುದನ್ನು ಧರಿಸಿದುವು. ಒಳಗಾದರೋ ಮುಂದಿನ ಕರ್ನೆಲುಗಳ ತಿದ್ದುಪಡಿಗಳನ್ನೂ ಹೊಸ ಶಕ್ತಿಗಳನ್ನೂ ಹಿಂದಕ್ಕೆ ತಂದು ಸೇರಿಸುತ್ತಲೇ ಇರುತ್ತಾರೆ. ೨೦೧೬ರ ಅಕ್ಟೋಬರಿನಲ್ಲಿ ಪ್ರಕಟವಾದ ಡರ್ಟಿ ಕೌ ಎಂಬ ದೋಷಕ್ಕೆ ಮೂಲ ಕರ್ನೆಲಿನಲ್ಲಿ ೪.೮.೩, ೪.೭.೯, ೪.೪.೨೬ ಎಂಬ ಆವೃತ್ತಿಗಳಲ್ಲಿ ಪರಿಹಾರ ದೊರೆಯಿತು. ರೆಡ್ ಹ್ಯಾಟಿನ ಏಳನೆಯ ಆವೃತ್ತಿಗೆ ಅದು ೩.೧೦.೦-೩೨೭.೩೬.೩ ಎಂಬ ಸಂಕಲನದಲ್ಲಿ ಬಂದಿತು. ಅಡ್ಡಗೆರೆಗೆ ಮುಂಚಿನ ಸಂಖ್ಯೆಯನ್ನು ಮಾತ್ರ ಓದಿ ೩ ಎಂಬುದು ೪ಕ್ಕಿಂತ ಕಡಮೆಯೆಂದು ತರ್ಕಿಸಿದವನಿಗೆ ಸರಿಯಾದ ಯಂತ್ರವೂ ಸದೋಷವಾಗಿಯೇ ಕಾಣುತ್ತಿದ್ದಿತು. ಹಳೆಯ ಮುಖಪತ್ರವನ್ನೇ ಉಳಿಸಿಕೊಂಡು ಒಳಗೆ ಪಾಠಗಳನ್ನು ತಿದ್ದಿದ ಓಲೆಯ ಪ್ರತಿಯನ್ನು, ಮುಖಪತ್ರದ ಕಾಲವನ್ನು ನೋಡಿಯೇ ಅಶುದ್ಧವೆಂದು ತಳ್ಳಿದಂತಾಗುವುದು.

ಎರಡನೆಯದು ಆಪಲ್ ಸಂಸ್ಥೆಯ ಮ್ಯಾಕ್‌ಓಎಸ್. ಅಲ್ಲಿ ಯುನೇಮ್ ಹೇಳುವ ಹೆಸರು ಡಾರ್ವಿನ್. ಹೇಳುವ ಸಂಖ್ಯೆಯೂ ಡಾರ್ವಿನ್ನಿನದೇ. ೨೦೨೦ರಲ್ಲಿ ಮ್ಯಾಕ್‌ಓಎಸ್ ೧೧ಕ್ಕೆ ಡಾರ್ವಿನ್ ೨೦, ಮುಂದೆ ೧೨ಕ್ಕೆ ೨೧, ೧೩ಕ್ಕೆ ೨೨, ೧೪ಕ್ಕೆ ೨೩, ೧೫ಕ್ಕೆ ೨೪ ಎಂದು ಕ್ರಮವು ನಡೆಯಿತು. ಡಾರ್ವಿನ್ನಿನ ಸಂಖ್ಯೆಯಿಂದ ಒಂಬತ್ತನ್ನು ಕಳೆದರೆ ಮ್ಯಾಕ್‌ಓಎಸಿನ ಸಂಖ್ಯೆ ದೊರೆಯುವುದೆಂಬ ವ್ಯಾಪ್ತಿಯನ್ನು ಇದರಿಂದ ಗ್ರಹಿಸುವುದು ಸುಲಭ. ಐದು ದೃಷ್ಟಾಂತಗಳಲ್ಲಿ ವ್ಯಭಿಚಾರವಿರಲಿಲ್ಲ. ೨೦೨೫ರಲ್ಲಿ ಡಾರ್ವಿನ್ ೨೫ ಬಂದಾಗ ಮ್ಯಾಕ್‌ಓಎಸ್ ೧೬ರ ಬದಲು ೨೬ ಎಂಬ ಸಂಖ್ಯೆಯನ್ನು ಧರಿಸಿ ಬಂದಿತು. ಕಾರ್ಯಕಾರಣಸಂಬಂಧವಿಲ್ಲದೆ ಕೇವಲ ಸಹಚಾರದಿಂದ ಹಿಡಿದ ವ್ಯಾಪ್ತಿಯು ಒಡೆಯುವ ರೀತಿಯು ತಾರ್ಕಿಕರಿಗೆ ಹೊಸದಲ್ಲ. ಮ್ಯಾಕ್‌ಓಎಸಿನ ಸಂಖ್ಯೆ ಬೇಕಾದವನು ಅದಕ್ಕೆಂದೇ ಇರುವ ಎಸ್‌ಡಬ್ಲ್ಯು-ವರ್ಸ್ ಎಂಬ ಆಜ್ಞೆಯನ್ನು ಕೇಳತಕ್ಕುದು.

ಮೂರನೆಯದು ಸಂಖ್ಯೆಯನ್ನು ಹಿಡಿಯುವ ಪಾತ್ರೆಯ ಕಥೆ. ಲಿನಕ್ಸಿನ ಆವೃತ್ತಿಯನ್ನು ಕ್ರಮವಿಧಿಗಳು ಹೋಲಿಸುವುದಕ್ಕಾಗಿ ಒಂದೇ ಪೂರ್ಣಾಂಕದಲ್ಲಿ ಅಡಕಮಾಡಿದಾಗ, ಮೂರನೆಯ ಅಂಶಕ್ಕೆ ಎಂಟು ಬಿಟ್ಟುಗಳ ಸ್ಥಳ ಮಾತ್ರ ಇದ್ದಿತು. ಅದರಲ್ಲಿ ಹಿಡಿಯುವ ಗರಿಷ್ಠಸಂಖ್ಯೆ ೨೫೫. ೨೦೨೧ರ ಫೆಬ್ರವರಿಯಲ್ಲಿ ೪.೪ ಮತ್ತು ೪.೯ ಎಂಬ ದೀರ್ಘಾಯುಗಳಾದ ಶಾಖೆಗಳು ೨೫೬ನೆಯ ತಿದ್ದುಪಡಿಯನ್ನು ಮುಟ್ಟಿದುವು. ಅಂಕವು ಉಕ್ಕಿ ೪.೪.೨೫೬ ಎಂಬುದು ೪.೫.೦ ಎಂದು ತೋರುವ ಅಪಾಯವಿದ್ದುದರಿಂದ, ಅಡಕಮಾಡಿದ ಸಂಖ್ಯೆಯನ್ನು ೨೫೫ರಲ್ಲಿಯೇ ನಿಲ್ಲಿಸಲಾಯಿತು. ಅಲ್ಲಿಂದ ಮುಂದೆ ಆ ಶಾಖೆಗಳಲ್ಲಿ ಎಷ್ಟು ತಿದ್ದುಪಡಿಗಳು ಬಂದರೂ ಅಡಕವಾದ ಅಂಕವು ಬದಲಾಗಲಿಲ್ಲ. ಸಂಖ್ಯೆಯು ಸತ್ಯವನ್ನು ಎಣಿಸುವುದಕ್ಕೂ ಮಿತಿಯುಂಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೬

ಇನ್ನು ಬುದ್ಧಿಪೂರ್ವಕವಾಗಿಯೇ ಅನ್ಯಥಾ ಹೇಳುವ ಸಂದರ್ಭಗಳು. ೨೦೦೩ರ ಡಿಸೆಂಬರಿನಿಂದ ೨೦೧೧ರ ವರೆಗೆ ಲಿನಕ್ಸ್ ಕರ್ನೆಲುಗಳೆಲ್ಲ ೨.೬ ಎಂಬ ಮೊದಲಂಕಗಳನ್ನು ಹೊಂದಿದ್ದುವು. ೨೦೧೧ರ ಜುಲೈ ತಿಂಗಳಲ್ಲಿ ೨.೬.೩೯ರ ನಂತರ ೩.೦ ಎಂಬ ಸಂಖ್ಯೆಯನ್ನು ಟೋರ್ವಾಲ್ಡ್ಸರು ಕೊಟ್ಟರು. ಕೆಲವು ಹಳೆಯ ಕ್ರಮವಿಧಿಗಳು ಉತ್ತರವು ೨.೬ ಎಂದೇ ಆರಂಭವಾಗುವುದೆಂದು ನಂಬಿ ಬರೆದುವಾದುದರಿಂದ ಅಲ್ಲಿಗೆ ನಿಂತುಹೋದುವು. ಅವುಗಳ ಹಿತಕ್ಕಾಗಿ ಕರ್ನೆಲಿನಲ್ಲಿಯೇ ಒಂದು ಉಪಾಯವನ್ನು ಇಡಲಾಯಿತು. ಸೆಟ್‌ಆರ್ಚ್ ಎಂಬ ಆಜ್ಞೆಯ ಮೂಲಕ ಅದನ್ನು ಕೋರಿದ ಕ್ರಮವಿಧಿಗೆ ೩.೦ ಎಂಬ ಕರ್ನೆಲ್ ತಾನು ೨.೬.೪೦ ಎಂದು ಹೇಳುವುದು. ಅದೇ ಸೆಟ್‌ಆರ್ಚಿನಿಂದ ೬೪ ಬಿಟ್ಟುಗಳ ಕರ್ನೆಲನ್ನು, ಎಂ ಸಂಜ್ಞೆಗೆ ೩೨ ಬಿಟ್ಟುಗಳ ಯಂತ್ರಜಾತಿಯ ಹೆಸರನ್ನು ಹೇಳುವಂತೆಯೂ ಮಾಡಬಹುದು.

ವಿಂಡೋಸಿನಲ್ಲಿಯೂ ಇದೇ ನಡೆ ಕಂಡುಬರುತ್ತದೆ. ೨೦೧೩ರ ವಿಂಡೋಸ್ ೮.೧ರ ಒಳಸಂಖ್ಯೆ ೬.೩. ಆದರೆ ತನಗೆ ಆ ಆವೃತ್ತಿಯ ಪರಿಚಯವುಂಟೆಂದು ಮುಂಚಿತವಾಗಿ ಘೋಷಿಸದ ಕ್ರಮವಿಧಿಯು ಗೆಟ್‌ವರ್ಷನ್‌ಎಕ್ಸ್ ಎಂಬ ಕರೆಯಿಂದ ಕೇಳಿದರೆ ೬.೨ ಎಂಬ, ಅಂದರೆ ವಿಂಡೋಸ್ ೮ರ, ಉತ್ತರವನ್ನು ಪಡೆಯುವುದು. ೨೦೨೧ರ ವಿಂಡೋಸ್ ೧೧ರಲ್ಲಿ ಆಜ್ಞಾಪಂಕ್ತಿಯ ವರ್ ಎಂಬ ಆಜ್ಞೆಯು ೧೦.೦.೨೨೦೦೦ ಎಂದು ಆರಂಭವಾಗುವ ಸಂಖ್ಯೆಯನ್ನು ಕೊಟ್ಟಿತು. ಅದು ಹನ್ನೊಂದೆಂಬುದನ್ನು ಮೊದಲಂಕದಿಂದಲ್ಲದೆ ಕೊನೆಯ ಅಂಕದಿಂದ ತಿಳಿಯಬೇಕು. ಮ್ಯಾಕ್‌ಓಎಸ್ ೧೧ ಕೂಡ ಹಳೆಯ ಸಾಮಗ್ರಿಯಿಂದ ನಿರ್ಮಿತವಾದ ಕ್ರಮವಿಧಿಗಳಿಗೆ ತಾನು ೧೦.೧೬ ಎಂದು ಹೇಳಿಕೊಂಡಿತು.

ಇವುಗಳನ್ನು ಕೂಟಶಾಸನಗಳೊಡನೆ ಎಣಿಸುವುದು ನ್ಯಾಯವಲ್ಲ. ಕೂಟಶಾಸನವು ಇಲ್ಲದ ಹಕ್ಕನ್ನು ಸ್ಥಾಪಿಸುವುದಕ್ಕಾಗಿ ಹುಟ್ಟಿದುದು. ಇಲ್ಲಿ ಸುಳ್ಳಿಗೆ ಕಾರಣವಾದುದು ಕೇಳುವವನ ದೌರ್ಬಲ್ಯ. ಒಂದು ಶಕ್ತಿಯುಂಟೋ ಇಲ್ಲವೋ ಎಂದು ನೇರವಾಗಿ ಪರೀಕ್ಷಿಸಬೇಕಾದಲ್ಲಿ, ಕ್ರಮವಿಧಿಗಳು ಹೆಸರನ್ನೂ ಸಂಖ್ಯೆಯನ್ನೂ ಕೇಳಿ ಅದರಿಂದ ಶಕ್ತಿಯನ್ನು ಊಹಿಸಿದುವು. ಊಹೆ ತಪ್ಪಿದಾಗ ಅವು ಕೆಡಬಾರದೆಂದು ವ್ಯವಸ್ಥೆಯು ತನ್ನ ಹೆಸರನ್ನೇ ತಗ್ಗಿಸಿ ಹೇಳಬೇಕಾಯಿತು. ಪ್ರಶ್ನೆಯನ್ನು ದುರುಪಯೋಗಪಡಿಸಿದುದರಿಂದ ಉತ್ತರದ ಪ್ರಾಮಾಣ್ಯವು ಕುಂದಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ.

೭

ಕರ್ನೆಲಿನ ಮಾತು ಇಷ್ಟರಮಟ್ಟಿಗಿರಲು, ಸಮುದಾಯದ ಹೆಸರನ್ನು ಯಾರಿಂದ ಕೇಳತಕ್ಕುದು? ಲಿನಕ್ಸಿನಲ್ಲಿ ಇದಕ್ಕೆ ಓಎಸ್-ರಿಲೀಸ್ ಎಂಬ ಕಡತವು ೨೦೧೨ರಿಂದ ಬಳಕೆಗೆ ಬಂದಿದೆ. ಅದಕ್ಕೆ ಮುಂಚೆ ರೆಡ್ ಹ್ಯಾಟಿನವರದು ಒಂದು ಕಡತ, ಡೆಬಿಯನ್ನಿನವರದು ಇನ್ನೊಂದು, ಹೀಗೆ ಪ್ರತಿಯೊಂದು ಸಂಗ್ರಹಕ್ಕೂ ಬೇರೆ ಬೇರೆ ಗುರುತುಗಳಿದ್ದುವು. ಸಿಸ್ಟಮ್‌ಡಿ ಯೋಜನೆಯವರು ಏಕರೂಪವಾದ ಕಡತವನ್ನು ಸೂಚಿಸಿದ ಮೇಲೆ ಪ್ರಾಯಶಃ ಎಲ್ಲರೂ ಅದನ್ನು ಅಂಗೀಕರಿಸಿದರು. ಇಟಿಸಿ ಎಂಬ ಕಡತಕೋಶದಲ್ಲಿರುವ ಇದನ್ನು ಕ್ಯಾಟ್ ಎಂಬ ಆಜ್ಞೆಯಿಂದ ಓದಬಹುದು. ಸಂಗ್ರಹದ ಹೆಸರು, ಆವೃತ್ತಿ, ಅದರ ಸಂಕ್ಷಿಪ್ತ ಗುರುತು, ಅಲ್ಲದೆ ಅದು ಯಾವ ಮೂಲಸಂಗ್ರಹಗಳಿಂದ ಬಂದುದೆಂಬ ಪ್ರವರವೂ ಇದರಲ್ಲಿ ದೊರೆಯುವುವು. ರಾಕಿ ಲಿನಕ್ಸ್ ತನ್ನ ಪ್ರವರದಲ್ಲಿ ರೆಡ್ ಹ್ಯಾಟ್, ಸೆಂಟ್‌ಓಎಸ್, ಫೆಡೋರಾ ಎಂಬ ಮೂರನ್ನು ಹೇಳಿಕೊಳ್ಳುತ್ತದೆ. ಒಂದೊಂದು ಅಂಶಕ್ಕೂ ಲಕ್ಷಣವನ್ನು ಸ್ಪಷ್ಟವಾಗಿ ಬರೆದಿಟ್ಟಿರುವುದರಿಂದ, ಶಾಸ್ತ್ರರಚನೆಯ ದೃಷ್ಟಿಯಲ್ಲಿ ಇದು ಯುನೇಮಿಗಿಂತ ಉತ್ತಮವಾದ ಕೃತಿ.

ಆದರೂ ಇದು ಲಿಖಿತಸಾಕ್ಷ್ಯವೆಂಬುದನ್ನು ಮರೆಯಬಾರದು. ಗ್ರಂಥದ ಕೊನೆಯ ಪುಷ್ಪಿಕೆಯಂತೆ ಇದು ಹೆಸರನ್ನು ಹೇಳುತ್ತದೆ; ಗ್ರಂಥದ ಎಲ್ಲ ಪತ್ರಗಳೂ ಅದೇ ಪ್ರತಿಗೆ ಸೇರಿದುವೇ ಎಂದು ಹೇಳಲಾರದು. ಡೆಬಿಯನ್ನಿನಲ್ಲಿ ಈ ಕಡತವು ಬೇಸ್-ಫೈಲ್ಸ್ ಎಂಬ ಒಂದು ಕಟ್ಟಿನೊಡನೆ ಬರುವುದು. ಹಳೆಯ ಆವೃತ್ತಿಯಿಂದ ಹೊಸದಕ್ಕೆ ಏರಿಸುವ ಕಾರ್ಯವು ನಡುವಿನಲ್ಲಿ ನಿಂತುಹೋದ ಯಂತ್ರದಲ್ಲಿ, ಆ ಕಟ್ಟು ಮಾತ್ರ ಹೊಸದಾಗಿದ್ದರೆ ಪುಷ್ಪಿಕೆ ಹೊಸದು, ಗ್ರಂಥವು ಬಹುಭಾಗ ಹಳೆಯದು.

ಕರ್ನೆಲಿನ ಸಾಕ್ಷ್ಯಕ್ಕೂ ಈ ಕಡತದ ಸಾಕ್ಷ್ಯಕ್ಕೂ ವಿಷಯಭೇದವು ಎಷ್ಟು ಗಾಢವಾದುದೆಂಬುದು ಕಂಟೈನರುಗಳಲ್ಲಿ ವ್ಯಕ್ತವಾಗುತ್ತದೆ. ೨೦೧೩ರಲ್ಲಿ ಹೊರಬಂದ ಡಾಕರಿನಿಂದ ಇವು ಬಹಳವಾಗಿ ಹರಡಿದುವು. ಕಂಟೈನರ್ ಎಂಬುದು ಒಂದು ಮನೆಯೊಳಗೆ ಪ್ರತ್ಯೇಕ ಸಂಸಾರ ಹೂಡಿದ ಬಿಡಾರದಂತೆ. ಅದರ ಕಡತಗಳು, ಆಜ್ಞೆಗಳು, ಹೆಸರು ಎಲ್ಲವೂ ಬೇರೆ, ಕರ್ನೆಲ್ ಮಾತ್ರ ಮನೆಯೊಡೆಯನದು. ಉಬುಂಟು ಯಂತ್ರವೊಂದರಲ್ಲಿ ಆಲ್ಪೈನ್ ಎಂಬ ಸಂಗ್ರಹದ ಕಂಟೈನರನ್ನು ನಡೆಸಿ ಅದರೊಳಗಿನಿಂದ ಕೇಳಿದರೆ, ಓಎಸ್-ರಿಲೀಸ್ ಆಲ್ಪೈನ್ ಎನ್ನುವುದು, ಯುನೇಮಿನ ಆರ್ ಸಂಜ್ಞೆಯು ಉಬುಂಟುವಿನ ಕರ್ನೆಲನ್ನು ಹೇಳುವುದು. ಎನ್ ಸಂಜ್ಞೆಯ ಯಂತ್ರನಾಮವು ಮಾತ್ರ ಕಂಟೈನರಿಗೆ ತಕ್ಕಂತೆ ಬದಲಾಗಿರುತ್ತದೆ, ಏಕೆಂದರೆ ೨೦೦೬ರಿಂದ ಲಿನಕ್ಸ್ ಆ ಒಂದು ಹೆಸರನ್ನು ಬಿಡಾರಬಿಡಾರಕ್ಕೂ ಬೇರೆಯಾಗಿ ಇಡಲು ಅವಕಾಶ ಕೊಟ್ಟಿದೆ. ಎರಡು ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಂತೆ ತೋರುವುದಾದರೂ ಇಲ್ಲಿ ವಿರೋಧವಿಲ್ಲ; ಒಬ್ಬನು ಸಂಸಾರದ ಹೆಸರನ್ನು, ಇನ್ನೊಬ್ಬನು ಮನೆಯೊಡೆಯನ ಹೆಸರನ್ನು ಹೇಳಿದನು. ಕಂಟೈನರಿನೊಳಗಿನ ಕಡತಗಳನ್ನೆಲ್ಲ ಹೊಸದುಮಾಡಿ, ಕರ್ನೆಲಿನ ದೋಷವೂ ಪರಿಹಾರವಾಯಿತೆಂದು ನಂಬುವವರು ಈ ಭೇದವನ್ನು ಅರಿಯದವರು.

೮

ಕಡೆಗೆ, ಯುನೇಮಿನ ಸಾಕ್ಷ್ಯವು ತನ್ನ ಸ್ವಂತ ವಿಷಯದಲ್ಲಿಯೂ ಅಪೂರ್ಣವಾಗುವ ಒಂದು ಸಂದರ್ಭವನ್ನು ಹೇಳತಕ್ಕುದು. ೨೦೧೫ರ ಏಪ್ರಿಲಿನಲ್ಲಿ ಬಂದ ಲಿನಕ್ಸ್ ೪.೦ರಲ್ಲಿ, ಓಡುತ್ತಿರುವ ಕರ್ನೆಲನ್ನು ನಿಲ್ಲಿಸದೆಯೇ ಅದರ ದೋಷಯುಕ್ತವಾದ ಭಾಗವನ್ನು ಬದಲಿಸುವ ಲೈವ್‌ಪ್ಯಾಚ್ ಎಂಬ ಕ್ರಮವು ಸೇರಿತು. ಹೀಗೆ ತಿದ್ದಿದ ಕರ್ನೆಲ್ ಯುನೇಮಿಗೆ ಕೊಡುವ ಉತ್ತರವು ತಿದ್ದುವುದಕ್ಕೆ ಮುಂಚೆ ಕೊಡುತ್ತಿದ್ದುದೇ. ಆರ್ ಮತ್ತು ವಿ ಎರಡರಲ್ಲಿಯೂ ಭೇದವಿಲ್ಲ. ತಿದ್ದುಪಡಿಯ ಕುರುಹನ್ನು ಸಿಸ್ ಎಂಬ ಕಡತಕೋಶದೊಳಗೆ ಕರ್ನೆಲ್ ವಿಭಾಗದ ಲೈವ್‌ಪ್ಯಾಚ್ ಎಂಬ ಉಪಕೋಶದಲ್ಲಿ ಹುಡುಕಬೇಕು. ಯುನೇಮ್ ಹುಟ್ಟಿದ ಕಾಲದಲ್ಲಿ ಕರ್ನೆಲ್ ಬದಲಾಗಬೇಕಾದರೆ ಯಂತ್ರವು ಪುನರಾರಂಭವಾಗಲೇಬೇಕಾಗಿದ್ದಿತು. ಆ ನಿಯಮವು ತಪ್ಪಿದ ಮೇಲೂ ಉತ್ತರದ ರೂಪವು ಹಳೆಯದಾಗಿಯೇ ಉಳಿದಿದೆ.

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಯುನೇಮ್ ಮಿಥ್ಯಾವಾದಿಯೆಂಬ ಆಕ್ಷೇಪವು ನಿಲ್ಲುವುದಿಲ್ಲ. ಕೇಳಿದ ಕ್ಷಣದಲ್ಲಿ ಓಡುತ್ತಿರುವ ಕರ್ನೆಲ್ ತನ್ನನ್ನು ಯಾವ ಹೆಸರಿನಿಂದ ಕರೆದುಕೊಳ್ಳುವುದೆಂಬ ವಿಷಯದಲ್ಲಿ ಅದಕ್ಕಿಂತ ಸಮೀಪವಾದ ಸಾಕ್ಷಿ ಇಲ್ಲ. ಸಮುದಾಯದ ಹೆಸರನ್ನು ಹೇಳುವ ಅಧಿಕಾರ ಅದಕ್ಕಿಲ್ಲ; ಅದಕ್ಕೆ ಓಎಸ್-ರಿಲೀಸ್ ಕಡತವನ್ನಾಗಲಿ, ಆಯಾ ವ್ಯವಸ್ಥೆಯ ತತ್ಸಮಾನವಾದ ಆಜ್ಞೆಯನ್ನಾಗಲಿ ಕೇಳತಕ್ಕುದು. ದೋಷವು ಪರಿಹಾರವಾಗಿದೆಯೇ ಎಂಬ ಪ್ರಶ್ನೆಗಾದರೋ ಇವೆರಡೂ ಸಾಲವು. ಅಲ್ಲಿ ಆರ್ ಮತ್ತು ವಿ ಎರಡನ್ನೂ ಪೂರ್ಣವಾಗಿ ಓದಿ, ಸ್ಥಾಪನಸಾಧನದ ಪಟ್ಟಿಯೊಡನೆ ಹೋಲಿಸಿ, ಲೈವ್‌ಪ್ಯಾಚಿನ ಕುರುಹನ್ನು ನೋಡಿ, ಆ ಬಳಿಕ ಮೂಲ ಕರ್ನೆಲಿನ ಸಂಖ್ಯೆಯೊಡನೆ ಹೋಲಿಸದೆ ಆಯಾ ಸಂಗ್ರಾಹಕರೇ ಪ್ರಕಟಿಸುವ ದೋಷಪಟ್ಟಿಯೊಡನೆ ತಾಳೆನೋಡತಕ್ಕುದು. ತಿದ್ದಿದವನು ಯಾರೋ ಅವನೇ ತಿದ್ದಿದ ಸ್ಥಳವನ್ನು ಬಲ್ಲನು.

ಪೊಸಿಕ್ಸ್ ಗ್ರಂಥದ ಸೂತ್ರಕಾರರು ರಿಲೀಸ್, ವರ್ಷನ್ ಎಂಬ ಎರಡು ಸಂಜ್ಞೆಗಳನ್ನು ಲಕ್ಷಣವಿಲ್ಲದೆ ಬಿಟ್ಟ ದೋಷವು ಇಷ್ಟು ವರ್ಷಗಳ ಬಳಕೆಯ ಮೇಲೆ ಪರಿಹಾರವಾಗುವಂತಿಲ್ಲ. ಈಗ ಬದಲಿಸಿದರೆ ಕೆಡುವ ಕ್ರಮವಿಧಿಗಳು ಅಸಂಖ್ಯಾತ. ಆದುದರಿಂದ ಪರಿಹಾರವು ಓದುವವರ ಕೈಯಲ್ಲಿಯೇ ಇದೆ. ಈ ಆಜ್ಞೆಯನ್ನು ಕಲಿಸುವ ಕೈಪಿಡಿಗಳು ಸಂಜ್ಞೆಗಳ ಪಟ್ಟಿಯನ್ನು ಕೊಟ್ಟು ಮುಗಿ­ಸದೆ, ಒಂದೊಂದು ಉತ್ತರದ ವಕ್ತೃ ಯಾರು, ಅವನಿಗೆ ಗೋಚರವಾದುದು ಎಷ್ಟು, ಎಂಬುದನ್ನೂ ಒಂದೊಂದು ವಾಕ್ಯದಲ್ಲಿ ತಿಳಿಸಿದರೆ ಅಭ್ಯಾಸಿಗಳಿಗೂ, ಅವರನ್ನು ನಂಬಿ ಯಂತ್ರಗಳನ್ನು ಬಳಸುವ ಜನರಿಗೂ ಮಹದುಪಕಾರವಾಗುವುದು.